ಚಿಕ್ಕ ಮಕ್ಕಳನ್ನ ಕರ್ಕೊಂಡು ಆರ್‌ವಿಲಿ ಗ್ರ್ಯಾಂಡ್ ಕ್ಯಾನ್ಯನ್‌ಗೆ ಹೋಗೋದು ಹೇಗೆ

ಅಮೆರಿಕಾದಲ್ಲಿರೋ ನಮ್ಮವರು ಆರ್‌ವಿ, ಅಂದ್ರೆ ಹಾಸಿಗೆ ಅಡಿಗೆಮನೆ ಟಾಯ್ಲೆಟ್ ಎಲ್ಲಾ ಒಳಗೇ ಇರೋ ಗಾಡಿ, ಬುಕ್ ಮಾಡುವಾಗ ಮೊದ್ಲು ನೋಡೋದು ಎಷ್ಟು ಜನ ಮಲಗಬಹುದು ಅಂತ. ಮಕ್ಕಳು ಚಿಕ್ಕವರಿದ್ರೆ ಮೊದ್ಲು ನೋಡ್ಬೇಕಾಗಿರೋದು ಸೀಟು ಮತ್ತೆ ಬೆಲ್ಟು. ಆರು ಜನ ಮಲಗೋ ಗಾಡಿ ಅಂದ್ರೆ ಆರು ಜನ ಸೇಫಾಗಿ ಕೂತ್ಕೊಂಡು ಹೋಗಬಹುದು ಅಂತಲ್ಲ. ಬಾಡಿಗೆಗೆ ಸಿಗೋ 25 ಅಡಿ ಕ್ಲಾಸ್ ಸಿ ಗಾಡಿ, ಡ್ರೈವರ್ ತಲೆ ಮೇಲೆ ಅಟ್ಟದ ಥರ ಹಾಸಿಗೆ ಇರತ್ತಲ್ಲ ಅದು, ಅದ್ರೊಳಗೆ ಸಾಮಾನ್ಯವಾಗಿ ಊಟದ ಟೇಬಲ್ಲಿಗೆ ಎದುರುಬದುರು ಎರಡು ಬೆಂಚ್ ಇರತ್ತೆ. ಮಕ್ಕಳ ಕಾರ್ ಸೀಟ್ ಕಟ್ಟೋದು ಗಾಡಿ ಮುಂದಕ್ಕೆ ಮುಖ ಮಾಡಿರೋ ಬೆಂಚಿಗೆ ಮಾತ್ರ. ಹಿಂದಕ್ಕೆ ಮುಖ ಇರೋ ಬೆಂಚಿಗೆ ಬೇಡ, ಸೈಡಿಗಿರೋ ಸೋಫಾಗಂತೂ ಬೇಡ್ವೇ ಬೇಡ.

ಇನ್ನೊಂದು ವಿಷಯ, ತುಂಬಾ ಗಾಡಿಗಳಲ್ಲಿ ಆ ಬೆಂಚಿಗೆ ಸೊಂಟದ ಬೆಲ್ಟ್ ಮಾತ್ರ ಇರತ್ತೆ, ಭುಜದ್ದು ಇರಲ್ಲ. ಹಾರ್ನೆಸ್, ಅಂದ್ರೆ ಮಗುನ ಹಿಡಿದಿಡೋಕೆ ತನ್ನದೇ ಪಟ್ಟಿಗಳಿರೋ ಸೀಟನ್ನ ಸೊಂಟದ ಬೆಲ್ಟಲ್ಲೇ ಬಿಗಿಯಾಗಿ ಕಟ್ಟಬಹುದು, ಆದ್ರೆ ಮಗುನ ಬರೀ ಎತ್ತರಕ್ಕೆ ಕೂರಿಸೋ ಬೂಸ್ಟರ್‌ಗೆ ಭುಜದ ಬೆಲ್ಟ್ ಇರ್ಲೇಬೇಕು. ಹಾಗಾಗಿ ಐದಾರು ವರ್ಷದ ಮಗು ಬೂಸ್ಟರ್‌ಗೆ ಬಂದಿದ್ರೂ ತೂಕ ಎತ್ತರ ಇನ್ನೂ ಹೊಂದತ್ತೆ ಅಂದ್ರೆ ಈ ಟ್ರಿಪ್ಪಿಗೆ ಹಾರ್ನೆಸ್ ಸೀಟನ್ನೇ ತಗೊಂಡು ಹೋಗಿ. ದುಡ್ಡು ಕಟ್ಟೋ ಮುಂಚೆ ಬಾಡಿಗೆ ಕೊಡೋರಿಗೆ ಫೋನ್ ಮಾಡಿ, ಬೆಂಚಿನ ಫೋಟೋ ಕಳಿಸಿ ಅನ್ನಿ, ಕಾರ್ ಸೀಟಿನ ಮೇಲ್ಭಾಗದ ಪಟ್ಟಿ ಸಿಗಿಸೋ ಕೊಂಡಿ (ಟೆದರ್ ಆಂಕರ್) ಇದ್ಯಾ ಕೇಳಿ. ಸರಿಯಾಗಿ ಉತ್ತರ ಬರ್ಲಿಲ್ಲ ಅಂದ್ರೆ ಬೇರೆ ಗಾಡಿ ನೋಡಿ, ಇದ್ರಲ್ಲಿ ರಾಜಿ ಬೇಡ. ಗಾಡಿ ಓಡ್ತಿರುವಾಗ ಮಕ್ಕಳು ಮೇಲಿನ ಹಾಸಿಗೆಲಿ ಮಲಗೋದು, ಟಾಯ್ಲೆಟ್ಟಿಗೆ ಎದ್ದು ಹೋಗೋದು ಎರಡೂ ಇಲ್ಲ ಅಂತ ಮನೆಯಲ್ಲೇ ಹೇಳಿ ಒಪ್ಪಿಸಿಬಿಡಿ.

ಮೊದಲನೇ ಸಲಕ್ಕೆ ನಾನು ಹೇಳೋ ರೂಟ್ ಲಾಸ್ ವೇಗಸ್‌ನಿಂದ ಗ್ರ್ಯಾಂಡ್ ಕ್ಯಾನ್ಯನ್ ಸೌತ್ ರಿಮ್, ಅಂದ್ರೆ ಕಣಿವೆಯ ದಕ್ಷಿಣದ ಅಂಚು. ಸುಮಾರು 280 ಮೈಲಿ, ಕಾರಲ್ಲಾದ್ರೆ ನಾಲ್ಕೂವರೆ ಗಂಟೆ, ಆದ್ರೆ ಮಕ್ಕಳಿಟ್ಕೊಂಡು ಆರ್‌ವಿಲಿ ಅದನ್ನ ಒಂದೇ ದಿನ ಮಾಡೋಕೆ ಹೋಗ್ಬೇಡಿ. ಗಾಡಿ ಕೈಗೆ ಸಿಗೋದೇ ಹೆಚ್ಚಾಗಿ ಮಧ್ಯಾಹ್ನ, ಆಮೇಲೆ ಅವರು ಎಲ್ಲಾ ತೋರಿಸಿ, ನೀವು ದಿನಸಿ ತಗೊಂಡು ಹೊರಡೋಷ್ಟರಲ್ಲಿ ಸಂಜೆ ಆಗೋಗತ್ತೆ. ಮೊದಲ ರಾತ್ರಿ ಕಿಂಗ್‌ಮನ್‌ನಲ್ಲಿ ಉಳ್ಕೊಳ್ಳಿ, ನೂರು ಮೈಲಿ ಚಿಲ್ಲರೆ ಅಷ್ಟೆ. ಮಾರನೇ ದಿನ ಐ-40 ಹೆದ್ದಾರಿಲಿ ವಿಲಿಯಮ್ಸ್ ಊರು, ಅಲ್ಲಿಂದ ಉತ್ತರಕ್ಕೆ 60 ಮೈಲಿ. ಮಾಮೂಲಿ ಲೈಸೆನ್ಸ್ ಸಾಕು, ಆದ್ರೆ ಗಂಟೆಗೆ 60 ಮೈಲಿ ಮೇಲೆ ಓಡಿಸ್ಬೇಡಿ, ಅಡ್ಡ ಗಾಳಿ ಬಂದ್ರೆ ಗಾಡಿ ತಳ್ಳತ್ತೆ, ಟ್ರಕ್ ಪಾಸಾದಾಗಲೂ ಅಲ್ಲಾಡತ್ತೆ. ಒಂದು ಗ್ಯಾಲನ್‌ಗೆ 8ರಿಂದ 10 ಮೈಲಿ ಅಂತ ಲೆಕ್ಕ ಹಾಕ್ಕೊಳ್ಳಿ, ಪೆಟ್ರೋಲ್ ಹಾಕಿಸುವಾಗ ಪ್ರೊಪೇನ್ (ಗಾಡಿಯ ಗ್ಯಾಸ್) ಆಫ್ ಮಾಡಿ.

ಸೌತ್ ರಿಮ್ಮಲ್ಲಿ ಆರ್‌ವಿ ನಿಲ್ಲಿಸಿ ಉಳ್ಕೊಳ್ಳೋಕೆ ಟ್ರೇಲರ್ ವಿಲೇಜ್ ಅನ್ನೋ ಜಾಗ ಬುಕ್ ಮಾಡಿ, ಅಲ್ಲಿ ಕರೆಂಟು ನೀರು ಡ್ರೈನ್ ಮೂರೂ ಇದೆ, ಪಕ್ಕದ ಮ್ಯಾಥರ್ ಕ್ಯಾಂಪ್‌ಗ್ರೌಂಡಲ್ಲಿ ಈ ಕನೆಕ್ಷನ್‌ಗಳಿಲ್ಲ. ಬೇಗ ತುಂಬೋಗತ್ತೆ, ಆದ್ರಿಂದ ಮೊದ್ಲು ಜಾಗ, ಆಮೇಲೆ ಫ್ಲೈಟ್. ಕನಿಷ್ಠ ಮೂರು ರಾತ್ರಿ ಒಂದೇ ಕಡೆ ಇರಿ. ದಿನಾ ಪೈಪು ಬಿಚ್ಚಿ ಪ್ಯಾಕ್ ಮಾಡಿ ಹೊರಟ್ರೆ ಮಕ್ಕಳಿಗೂ ಕಿರಿಕಿರಿ, ಅಮ್ಮ ಅಪ್ಪಂಗೂ ಸುಸ್ತು. ಫ್ರೀ ಶಟಲ್ ಬಸ್ ಇರೋದ್ರಿಂದ ಗಾಡಿನ ಅಲ್ಲೇ ಬಿಟ್ಟು ಓಡಾಡಬಹುದು.

ಈಗ ಅಡಿಗೆ. ಸೌತ್ ರಿಮ್ ಸುಮಾರು 7000 ಅಡಿ ಎತ್ತರದಲ್ಲಿದೆ, ಅಲ್ಲಿ ನೀರು 93 ಡಿಗ್ರಿ ಸೆಲ್ಸಿಯಸ್ ಆಸುಪಾಸಲ್ಲೇ ಕುದಿಯತ್ತೆ, ತೆರೆದ ಪಾತ್ರೆಲಿ ತೊಗರಿಬೇಳೆ ಬೇಯೋಕೆ ತುಂಬಾ ಹೊತ್ತು ಹಿಡಿಯತ್ತೆ. ಕುಕ್ಕರ್ ಅಥವಾ ಇನ್‌ಸ್ಟಂಟ್ ಪಾಟ್ ಬೇಕೇ ಬೇಕು. ಈ ಗಾಡಿಗಳದ್ದು 30 ಆಂಪ್ ಕನೆಕ್ಷನ್, ಎಸಿ ಮೈಕ್ರೋವೇವ್ ಇನ್‌ಸ್ಟಂಟ್ ಪಾಟ್ ಮೂರೂ ಒಟ್ಟಿಗೆ ಹಾಕಿದ್ರೆ ಬ್ರೇಕರ್ ಬಿದ್ದು ಕರೆಂಟು ಹೋಗತ್ತೆ, ಒಂದಾದ್ಮೇಲೆ ಒಂದು ಹಾಕಿ. ಒಗ್ಗರಣೆ ಮಾತ್ರ ಒಳಗೆ ಬೇಡ. ಒಣಮೆಣಸಿನಕಾಯಿ ಸಿಡಿದ ತಕ್ಷಣ ಸ್ಮೋಕ್ ಅಲಾರಂ ಕಿರುಚ್ಕೊಳ್ಳತ್ತೆ, ಮಲಗಿರೋ ಪಾಪು ಎದ್ದು ಅಳತ್ತೆ, ಘಾಟು ಹಾಸಿಗೆಗೆಲ್ಲ ಅಂಟ್ಕೊಂಡು ರಾತ್ರಿಯೆಲ್ಲಾ ಕೆಮ್ಮು. ಪಿಕ್ನಿಕ್ ಟೇಬಲ್ ಮೇಲೆ ಸಣ್ಣ ಸ್ಟವ್ ಇಟ್ಕೊಂಡು ಹೊರಗೇ ಮಾಡಿ, ಅಥವಾ ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಅವಲಕ್ಕಿ ಮನೆಯಿಂದ್ಲೇ ತಗೊಂಡು ಹೋಗಿ. ಆದ್ರೆ ಊಟದ ಸಾಮಾನು ಯಾವ್ದನ್ನೂ ಹೊರಗೆ ಬಿಡ್ಬೇಡಿ, ಅಳಿಲುಗಳು ಕಚ್ಚತ್ವೆ, ಮಕ್ಕಳು ಅವಕ್ಕೆ ತಿಂಡಿ ಕೊಡೋಕೆ ಹೋಗದ ಹಾಗೆ ನೋಡ್ಕೊಳ್ಳಿ.

ಸ್ನಾನಕ್ಕೆ ಬಿಸಿನೀರಿನ ಟ್ಯಾಂಕು ಸಾಮಾನ್ಯವಾಗಿ 6 ಗ್ಯಾಲನ್, ಅಂದ್ರೆ 22 ಲೀಟರ್ ಚಿಲ್ಲರೆ. ಶವರ್ ಬಿಟ್ರೆ ಮೊದಲನೇ ಮಗುಗೇ ಖಾಲಿ. ಒಂದು ಸಣ್ಣ ಬಕೆಟ್ಟು ಚೊಂಬು ಇಟ್ಕೊಂಡ್ರೆ ತಣ್ಣೀರು ಬೆರೆಸ್ಕೊಂಡು ಇಬ್ಬರು ಮಕ್ಕಳಿಗೂ ಆರಾಮಾಗಿ ಆಗತ್ತೆ.

ಮೇ ತಿಂಗಳಲ್ಲೂ ಅಲ್ಲಿ ರಾತ್ರಿ ಗಡಗಡ ನಡುಗಿಸೋ ಚಳಿ, ಸ್ವೆಟರ್ ಕುಲಾವಿ ಮರೀಬೇಡಿ. ಆರು ವರ್ಷದೊಳಗಿನ ಮಕ್ಕಳನ್ನ ಮೇಲಿನ ಹಾಸಿಗೆಲಿ ಮಲಗಿಸ್ಬೇಡಿ, ಟೇಬಲ್ ಇಳಿಸಿದ್ರೆ ಅದೇ ಹಾಸಿಗೆ ಆಗತ್ತೆ, ಅಲ್ಲಿ ಮಲಗಿಸಿ. ಮತ್ತೆ ರಿಮ್ಮಿನ ಉದ್ದಕ್ಕೂ ಕಂಬಿ ಇಲ್ಲ, ಎಷ್ಟೋ ಕಡೆ ಬರೀ ಬಂಡೆ ಅಂಚು. ನಡೆಯೋ ವಯಸ್ಸಿನ ಮಗು ಒಬ್ಬರ ಕೈಲಿ ಇರ್ಲೇಬೇಕು, ಫೋಟೋ ತೆಗೆಯೋರು ಇನ್ನೊಬ್ಬರು. ನಾಲ್ಕು ವರ್ಷ ಆಗಿದ್ರೆ ವಿಸಿಟರ್ ಸೆಂಟರಲ್ಲಿ ಜೂನಿಯರ್ ರೇಂಜರ್ ಪುಸ್ತಕ ಇಸ್ಕೊಳ್ಳಿ, ತುಂಬಿಸಿ ಕೊಟ್ರೆ ರೇಂಜರ್ ಮಗು ಹತ್ರ ಪ್ರತಿಜ್ಞೆ ಮಾಡಿಸಿ ಬ್ಯಾಡ್ಜ್ ಕೊಡ್ತಾರೆ, ಮಕ್ಕಳಿಗೆ ಅದಕ್ಕಿಂತ ಖುಷಿ ಇನ್ನೊಂದಿಲ್ಲ.

ಟಾಯ್ಲೆಟ್ ಟ್ಯಾಂಕಿನ ವಾಲ್ವ್ ಹೊರಡೋ ದಿನದವರೆಗೂ ಮುಚ್ಚೇ ಇರ್ಲಿ, ಬರೀ ನೀರು ಹೋಗಿ ಗಟ್ಟಿ ಒಳಗೇ ಉಳ್ಕೊಂಡ್ರೆ ಕಷ್ಟ. ಡೈಪರ್, ವೈಪ್ಸ್ ಅದಕ್ಕೆ ಹಾಕಲೇಬೇಡಿ. ಹೊರಡೋ ಬೆಳಿಗ್ಗೆ ಗ್ಲೌಸ್ ಹಾಕ್ಕೊಂಡು ಮೊದ್ಲು ಟಾಯ್ಲೆಟ್ಟಿಂದು, ಆಮೇಲೆ ಸಿಂಕು ಶವರಿನ ನೀರು ಬಿಡಿ, ಪೈಪು ತಾನಾಗೇ ತೊಳೆದುಹೋಗತ್ತೆ. ಇದನ್ನ ಟ್ರೇಲರ್ ವಿಲೇಜಲ್ಲೇ ಮುಗಿಸ್ಕೊಂಡ್ರೆ ಗಾಡಿ ವಾಪಸ್ ಕೊಡೋ ದಿನ ಟ್ಯಾಂಕು ಖಾಲಿ ಮಾಡೋ ಡಂಪ್ ಸ್ಟೇಷನ್ ಹುಡುಕೋ ಕೆಲಸ ಇರಲ್ಲ.