ಸ್ಕಾಟ್ಲೆಂಡ್ ಸುತ್ತುವುದು ಹೇಗೆ? ದಿನಕ್ಕೊಂದೇ ಕೋಟೆ ಸಾಕು

ಸ್ಕಾಟ್ಲೆಂಡಿಗೆ ಹೊರಡುವವರು ಮೊದಲು ಕೋಟೆಗಳ ಪಟ್ಟಿ ಬರೆಯುತ್ತಾರೆ. ನಾನೂ ಹನ್ನೊಂದರ ಪಟ್ಟಿ ಹಿಡಿದು ಹೋಗಿದ್ದೆ. ನಾಲ್ಕನೆಯದು ಮುಗಿಯುವಷ್ಟರಲ್ಲಿ ಯಾವ ಗೋಡೆ ಯಾವ ಊರಿನದು ಅಂತ ಕಲಸಿಹೋಯಿತು. ಪಟ್ಟಿ ಆಮೇಲೆ ಬರೆಯಿರಿ.

ಮೊದಲು ತಿಂಗಳು ಗೊತ್ತು ಮಾಡಿ. ಮೇ ತಿಂಗಳಿಗೆ ನನ್ನ ಓಟು. ಹೊತ್ತು ಮುಳುಗುವಾಗ ರಾತ್ರಿ ಒಂಬತ್ತಾಗಿರುತ್ತದೆ. ಬೇಸಿಗೆ ಬಲಿತ ಮೇಲೆ ಹೈಲ್ಯಾಂಡ್ಸ್ ಬೆಟ್ಟಗಳಲ್ಲಿ ಮಿಡ್ಜ್ ಎಂಬ ನೊರಜು ಮುತ್ತುತ್ತವೆ. ಆಗಸ್ಟ್‌ನಲ್ಲಿ ಎಡಿನ್‌ಬರಾದಲ್ಲಿ ಉತ್ಸವಗಳ ಜಾತ್ರೆ, ರೂಮಿನ ಬಾಡಿಗೆ ಗಗನಕ್ಕೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲೆ.

ಇನ್ನು ವೀಸಾ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಕೊಡುವ ಷೆಂಗೆನ್ ವೀಸಾ ಇಲ್ಲಿ ನಡೆಯುವುದಿಲ್ಲ, ಬ್ರಿಟನ್ನಿನ ವಿಸಿಟರ್ ವೀಸಾ ಬೇಕು. ಹೊರಡುವ ಮೂರು ತಿಂಗಳ ಮುಂಚಿನಿಂದ ಅರ್ಜಿ ಹಾಕಬಹುದು. ಅದು ಕೈಗೆ ಬರುವವರೆಗೆ ವಾಪಸ್ ಸಿಗದ ಹಣ ಎಲ್ಲೂ ಕಟ್ಟಬೇಡಿ.

ಎಂಟು ರಾತ್ರಿ ಇದ್ದರೆ ಮೊದಲ ಮೂರು ಎಡಿನ್‌ಬರಾಕ್ಕೆ. ಇಲ್ಲಿ ಕಾರು ಬೇಡ, ಪಾರ್ಕಿಂಗ್ ದೊಡ್ಡ ತಲೆನೋವು. ಕೋಟೆಯ ಟಿಕೆಟ್ ಆನ್‌ಲೈನ್‌ನಲ್ಲಿ ಮೊದಲೇ ತೆಗೆದುಕೊಳ್ಳಿ. ಮಧ್ಯಾಹ್ನ ಒಂದಕ್ಕೆ ಸರಿಯಾಗಿ ತೋಪು ಹಾರಿಸುತ್ತಾರೆ, 1861ರಿಂದ ಬಂದ ರೂಢಿ. ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ದಿನ ಮಾತ್ರ ಇಲ್ಲ. ಮರುದಿನ ರೈಲಿನಲ್ಲಿ ಸ್ಟರ್ಲಿಂಗ್‌ಗೆ ಹೋಗಿ ಬನ್ನಿ, ಒಂದು ಗಂಟೆಯೂ ಹಿಡಿಯದು. ಎರಡರಲ್ಲಿ ಒಂದೇ ಕೋಟೆ ನೋಡಿ ಅಂದರೆ ನಾನು ಸ್ಟರ್ಲಿಂಗ್ ಅನ್ನುತ್ತೇನೆ. ಜನಜಂಗುಳಿ ಕಡಿಮೆ, ಅರಮನೆ ಚೆಂದ.

ನಾಲ್ಕನೇ ದಿನ ಕಾರು ಬಾಡಿಗೆಗೆ ಹಿಡಿಯಿರಿ. ನಮ್ಮ ಹಾಗೆಯೇ ಎಡಗಡೆ ಓಡಿಸುವುದು, ನಮ್ಮ ಲೈಸೆನ್ಸ್ 12 ತಿಂಗಳು ನಡೆಯುತ್ತದೆ. ಆದರೂ ಬಾಡಿಗೆ ಕಂಪನಿಯ ಷರತ್ತು ಓದಿ. ಗ್ಲೆನ್‌ಕೋ ಕಣಿವೆ ದಾಟಿ ಫೋರ್ಟ್ ವಿಲಿಯಂನಲ್ಲಿ ಒಂದು ರಾತ್ರಿ, ಸ್ಕೈ ದ್ವೀಪದಲ್ಲಿ ಎರಡು, ಕೊನೆಗೆ ಇನ್ವರ್ನೆಸ್‌ನಲ್ಲಿ ಎರಡು. ಮ್ಯಾಪು ಎರಡು ಗಂಟೆ ಅಂದರೆ ಮೂರು ಅಂದುಕೊಳ್ಳಿ. ಗ್ಲೆನ್‌ಕೋದಲ್ಲಿ ನಿಲ್ಲಿಸದೆ ಮುಂದೆ ಹೋಗುವುದು ಯಾರಿಗೂ ಸಾಧ್ಯವಿಲ್ಲ.

ಹಳ್ಳಿಗಾಡಿನ ಎಷ್ಟೋ ರಸ್ತೆಗಳಲ್ಲಿ ಒಂದೇ ಗಾಡಿಗೆ ಜಾಗ. ಅಲ್ಲಲ್ಲಿ 'ಪಾಸಿಂಗ್ ಪ್ಲೇಸ್' ಬೋರ್ಡ್ ಇರುವ ಕಡೆ ರಸ್ತೆ ಅಗಲ. ಅದು ನಿಮ್ಮ ಎಡಕ್ಕಿದ್ದರೆ ಅದರೊಳಗೆ ನಿಲ್ಲಿಸಿ. ಬಲಕ್ಕಿದ್ದರೆ ಅದರ ಎದುರಿಗೆ ನಿಮ್ಮ ಬದಿಯಲ್ಲೇ ನಿಂತು ಕಾಯಿರಿ, ಎದುರಿನವರು ಒಳಗೆ ಸರಿದು ಬರುತ್ತಾರೆ. ಹಿಂದಿನವರಿಗೆ ಅವಸರವಿದ್ದರೂ ಹೀಗೇ ದಾರಿ ಬಿಡಿ. ಫೋಟೊ ತೆಗೆಯಲು ಮಾತ್ರ ಅಲ್ಲಿ ನಿಲ್ಲಿಸಬೇಡಿ. ದಾರಿ ಬಿಟ್ಟವರಿಗೆ ಕೈ ಎತ್ತುವುದು ಅಲ್ಲಿನ ಮರ್ಯಾದೆ. ಕುರಿಗಳಿಗೆ ಈ ಯಾವ ನಿಯಮವೂ ಇಲ್ಲ.

ಸ್ಕೈಗೆ ಹೋಗುವ ದಾರಿಯಲ್ಲೇ ನೀರಿನ ನಡುವೆ ಐಲೀನ್ ಡೊನನ್ ಕೋಟೆ. ನೋಡಿದರೆ ಸಾವಿರ ವರ್ಷದ್ದು ಅನಿಸುತ್ತದೆ, ಅಲ್ವಾ? 1719ರಲ್ಲಿ ಒಡೆದುಹೋಗಿದ್ದನ್ನು ಮತ್ತೆ ಕಟ್ಟಿ ಮುಗಿಸಿದ್ದು 1932ರಲ್ಲಿ. ನಮ್ಮ ಮೈಸೂರು ಅರಮನೆಗಿಂತ ಕಿರಿಯದು! ಲಾಕ್ ನೆಸ್ ಸರೋವರದ ದಡದ ಅರ್ಕ್‌ಹಾರ್ಟ್ ಪಾಳು ಕೋಟೆ. ಎಡಿನ್‌ಬರಾ, ಸ್ಟರ್ಲಿಂಗ್, ಅರ್ಕ್‌ಹಾರ್ಟ್ ಮೂರಕ್ಕೂ 'ಎಕ್ಸ್‌ಪ್ಲೋರರ್ ಪಾಸ್' ನಡೆಯುತ್ತದೆ. ಬಿಡಿ ಟಿಕೆಟ್‌ಗಳ ಜೊತೆ ಲೆಕ್ಕ ಹಾಕಿ ನೋಡಿ. ಐಲೀನ್ ಡೊನನ್‌ಗೆ ಟಿಕೆಟ್ ಬೇರೆ.

ಊಟದ ವಿಷಯ. ಹ್ಯಾಗಿಸ್ ಅಂದರೆ ಕುರಿಯ ಒಳಾಂಗಗಳ ತಿನಿಸು, ಅದರ ಸಸ್ಯಾಹಾರಿ ರೂಪವೂ ಸಿಗುತ್ತದೆ, ಖಾರವಾಗಿ ಚೆನ್ನಾಗಿದೆ. ಆದರೆ ಹಳ್ಳಿಯ ಪಬ್‌ಗಳಲ್ಲಿ ಒಲೆ ಬೇಗ ಆರುತ್ತದೆ. ಇನ್ನೂ ಬೆಳಕಿದೆ ಅಂತ ಸುತ್ತುತ್ತಾ ಒಂಬತ್ತು ಗಂಟೆ ಮಾಡಿಕೊಂಡರೆ ಉಪವಾಸವೇ. ಡಿಕ್ಕಿಯಲ್ಲಿ ಒಂದು ಪೊಟ್ಟಣ ಅವಲಕ್ಕಿ ಇರಲಿ.