14 ಸುತ್ತು, ಮೇಲೆ 195 ಮೀಟರ್: ದಾವಣಗೆರೆ ಬೀದೀಲೇ ಮ್ಯಾರಥಾನ್ ಓಡಿ ದುಡ್ಡು ಕೂಡಿಸಿದ್ದು

ಮೂರನೇ ವರ್ಷಕ್ಕೆ ಕೈ ಹಿಡೀತು ನೋಡಿ. 5 ಜನ ಗೆಳೆಯರು, ತಲಾ ಒಂದು ಫುಲ್ ಮ್ಯಾರಥಾನ್ (42 ಕಿ.ಮೀ. 195 ಮೀಟರ್), ಬಂದದ್ದು ಹತ್ತತ್ರ 88 ಸಾವಿರ, ಖರ್ಚೆಲ್ಲ ನಮ್ಮ ಜೇಬಿಂದ, ಬಂದ ದುಡ್ಡು ಪೂರ್ತಿ ಸರ್ಕಾರಿ ಶಾಲೆ ಮಕ್ಕಳ ಕನ್ನಡಕಕ್ಕೆ. "ಬೀದಿ ಸುತ್ತಿದ್ರೆ ಯಾರ್ ಕೊಡ್ತಾರಲೇ ರೊಕ್ಕ" ಅಂದವರೇ ಈಗ ಹೆಂಗ್ ಮಾಡಿದ್ರಿ ಅಂತ ಫೋನ್ ಮಾಡ್ತಿದಾರೆ, ಅದಕ್ಕೇ ಬರೆದುಬಿಡೋಣ ಅಂತ ಕೂತೆ. ಯಾವ ಶೂ, ವಾರಕ್ಕೆ ಎಷ್ಟು ಕಿ.ಮೀ., ಲಾಂಗ್ ರನ್ ಹೆಂಗ್ ಏರಿಸ್ಬೇಕು ಅದೆಲ್ಲ ಓಡೋರಿಗೆ ಗೊತ್ತೇ ಇರುತ್ತೆ, ಬಿಟ್ಟಿದೀನಿ.

ನಾವು ಐದು ಜನ ಅಂದ್ರೆ ಒಬ್ಬ ಬ್ಯಾಂಕ್‌ನವನು, ಒಬ್ರು ಮೇಷ್ಟ್ರು, ಒಬ್ಬ ಟೈಲರ್, ಒಬ್ಬ ವೈರಿಂಗ್ ಕೆಲಸದ ಹುಡುಗ, ಮತ್ತೆ ಮಂಡಿಪೇಟೆ ಅಂಗಡೀಲಿ ಲೆಕ್ಕ ಬರೆಯೋ ನಾನು. ಕನ್ನಡಕದ ವಿಷಯ ತಂದಿದ್ದು ಮೇಷ್ಟ್ರೇ. ಅವರ ಕ್ಲಾಸಲ್ಲಿ ಒಬ್ಬ ಹುಡುಗ ಬೋರ್ಡ್ ಮೇಲಿಂದು ಬರ್ಕೊಳ್ದೆ ಪಕ್ಕದವನ ನೋಟ್ಸ್ ನೋಡಿ ಬರೀತಿದ್ದ, ವರ್ಷವಿಡೀ ಕಾಪಿ ಮಾಡ್ತಾನೆ ಅಂತ ಬೈಸ್ಕೊಂಡ, ಕೊನೆಗೆ ನೋಡಿದ್ರೆ ಅವನಿಗೆ ಬೋರ್ಡೇ ಕಾಣ್ತಿರ್ಲಿಲ್ಲ. ಅದನ್ನ ಹೇಳೋವಾಗ ಮೇಷ್ಟ್ರ ಗಂಟಲು ಕಟ್ಟಿತ್ತು. ಅವತ್ತೇ ಮಾಡ್ಲೇಬೇಕು ಅಂತ ನಿಂತ್ವಿ.

ಮೊದಲನೇ ವರ್ಷ ಎಲ್ಲರ ಹಾಗೆ ಬೆಂಗಳೂರಿಗೆ ಹೋದ್ವಿ. ಎಂಟ್ರಿ ಫೀ, ರೈಲು, ಎರಡು ದಿನ ರೂಮು, ಊಟ, ಮೇಲೆ 20 ಟೀ ಶರ್ಟ್ ಪ್ರಿಂಟ್ ಬೇರೆ, ಎಲ್ಲಾ ಸೇರಿ 22 ಸಾವಿರದ ಮೇಲೆ ಹೋಯ್ತು. ಕೂಡಿದ್ದು ಹದಿನೆಂಟೋ ಹದಿನೆಂಟೂವರೆಯೋ. ಯೋಚನೆ ಮಾಡಿ, ಆ 22 ಸಾವಿರ ನೇರ ಶಾಲೆಗೆ ಕೊಟ್ಟು ಮನೇಲಿ ಮಲಗಿದ್ರೂ ಮಕ್ಕಳಿಗೆ ಜಾಸ್ತಿ ಸಿಗ್ತಿತ್ತು. ಅದಕ್ಕಿಂತ ಬೇಜಾರಾಗಿದ್ದು ಇನ್ನೊಂದು. ದುಡ್ಡು ಕೊಟ್ಟ ನಮ್ಮೂರವರು ಯಾರೂ ನಾವು ಓಡಿದ್ದನ್ನ ನೋಡ್ಲೇ ಇಲ್ಲ. ಫೋಟೋ ಕಳಿಸಿದ್ವಿ, ಒಂದು ಹೆಬ್ಬೆಟ್ಟು ಒತ್ತಿದ್ರು, ಮುಗೀತು. ಮುಂದಿನ ವರ್ಷ ಕೇಳೋಕೆ ಹೋದ್ರೆ "ಹೋದ ವರ್ಷ ಕೊಟ್ಟಿದ್ನಲ್ಲಪ್ಪಾ".

ಎರಡನೇ ವರ್ಷ ದೊಡ್ಡದಾಗಿ ಮಾಡೋಣ ಅಂತ ದಾವಣಗೆರೆಯಿಂದ ಚಿತ್ರದುರ್ಗ ಕೋಟೆವರೆಗೆ ಹೆದ್ದಾರೀಲಿ, ಸುಮಾರು 60 ಕಿ.ಮೀ. ರಿಲೇ. ಹೇಳೋಕೆ ಬಾಳ ಚೆಂದ. ಆನಗೋಡು ದಾಟೋವರೆಗೆ ಸರಿ ಇತ್ತು, ಬೆಳಕಾದ ಮೇಲೆ ಲಾರಿಗಳು ಶುರುವಾದ್ವು, ಒಂದೊಂದು ಲಾರಿ ಹೋದಾಗ್ಲೂ ಗಾಳಿಗೆ ಮೈ ಪಕ್ಕಕ್ಕೆ ವಾಲ್ತಿತ್ತು, ಭರಮಸಾಗರದ ಹತ್ರ ಎದುರುಗಾಳಿ ಬೇರೆ, ಆ ಕಡೆ ಗುಡ್ಡದ ಮೇಲೆಲ್ಲ ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅನ್ನೋದು ಓಡಿದವನಿಗೇ ಗೊತ್ತಾಗೋದು. ವೈರಿಂಗ್ ಹುಡುಗನ ಮಂಡಿ ಊದಿ ಕಾರಲ್ಲಿ ಕೂರಿಸಿಕೊಂಡು ಹೋದ್ವಿ. ಹಿಂದೆ ಮುಂದೆ ಗಾಡಿ, ಡೀಸೆಲ್ಲು, ನೀರಿನ ಕ್ಯಾನು, ಅದೇ ಒಂಬತ್ತು ಸಾವಿರ ದಾಟ್ತು.

ದುಡ್ಡಿನ ಕಥೆ ಇನ್ನೂ ಕೆಟ್ಟದು. ಮುಟ್ಟಿದ ಮೇಲೆ ಕೊಡ್ತೀವಿ ಅಂತ ಮಾತು ಕೊಟ್ಟಿದ್ದು ಒಟ್ಟು 70 ಸಾವಿರದ್ದು, ಬಂದಿದ್ದು 24 ಸಾವಿರ. ಯಾರದೂ ಕೆಟ್ಟ ಮನಸ್ಸಲ್ಲ. ಓಟ ಮುಗಿದ ಮೇಲೆ ಅದು ಹಳೇ ಬಾಕಿ ಥರ ಆಗಿಬಿಡುತ್ತೆ, ಕೇಳೋಕೆ ನಮಗೂ ಸಂಕೋಚ, ಕೊಡೋಕೆ ಅವರಿಗೂ ನಾಳೆ ನಾಡಿದ್ದು. ಓಡೋಕೆ ಮುಂಚೆ ದುಡ್ಡು ಕೈಗೆ ಬರ್ಬೇಕು ಅಂತ ಅವತ್ತು ಕಲಿತ್ವಿ.

ಮೂರನೇ ವರ್ಷ ನಾನೊಂದು ಮಾತು ಹೇಳ್ದೆ. ಎಲ್ಲಿಗೂ ಹೋಗೋದು ಬೇಡ, ನಮ್ಮ ಏರಿಯಾದಲ್ಲೇ 3 ಕಿ.ಮೀ. ಸುತ್ತು ಹಾಕೋಣ, 14 ಸುತ್ತಿಗೆ 42 ಆಯ್ತು, ಉಳಿದ 195 ಮೀಟರ್ ಕೊನೇಲಿ ನೇರ ರಸ್ತೇಲಿ. ಒಂದೊಂದು ಕಿಲೋಮೀಟರ್ ಒಂದೊಂದು ಕನ್ನಡಕ ಅಂತ ಮಾರೋಣ, ರೇಟು 400. ಐದು ಜನಕ್ಕೆ 210 ಕಿ.ಮೀ. ಬ್ಯಾಂಕ್‌ನವನೇ ಒಪ್ಲಿಲ್ಲ, "ಬೀದಿ ಸುತ್ತೋದಕ್ಕೆ ಮ್ಯಾರಥಾನ್ ಅಂತಾರಾ ಯಾರಾದ್ರೂ" ಅಂದ. ನನಗೆ ಮಾತ್ರ ಮನಸ್ಸಲ್ಲಿ ಗಟ್ಟಿ ಆಗಿತ್ತು, ಕೊಟ್ಟವರ ಬಾಗಿಲ ಮುಂದೆ ಹದಿನಾಲ್ಕು ಸಲ ಹಾಯ್ದು ಹೋದ್ರೆ ಯಾರೂ ಮರೆಯಲ್ಲ.

ಅಳತೆ ಮಾಡಿದ್ದು ಹೇಳ್ಬೇಕು, ಅದಕ್ಕೇ ಎರಡು ಭಾನುವಾರ ಹೋಯ್ತು. ವಾಚ್‌ನ ಜಿಪಿಎಸ್ ನಂಬಿದ್ರೆ ಒಂದ್ಸಲ 2.93, ಒಂದ್ಸಲ 3.08, ಮನೆಗಳ ಮಧ್ಯ ಸಂದೀಲಿ ಸಿಗ್ನಲ್ ಕುಣಿಯುತ್ತೆ. ಟೈಲರ್ ಹತ್ರ ಅವರಪ್ಪನ ಕಾಲದ ಸೈಕಲ್ ಇತ್ತು. ಮುಂದಿನ ಟೈರಿಗೆ ಸೀಮೆಸುಣ್ಣದ ಗೆರೆ ಹಾಕಿ ಒಂದು ಸುತ್ತು ಉರುಳಿಸಿ ಅವನ ಬಟ್ಟೆ ಅಳೆಯೋ ಟೇಪಲ್ಲೇ ಅಳೆದ್ವಿ, 2 ಮೀಟರ್ 18 ಸೆಂಟಿಮೀಟರ್. ಚಕ್ರದ ಕಡ್ಡಿಗೆ ಒಂದು ಗಟ್ಟಿ ಬಟ್ಟೆ ಚೂರು ಕಟ್ಟಿದ್ರೆ ಫೋರ್ಕಿಗೆ ಬಡಿದು ಟಕ್ ಟಕ್ ಅನ್ನುತ್ತೆ, ಎಣಿಸ್ಕೊಂಡು ಹೋಗೋದಷ್ಟೇ. 3 ಕಿ.ಮೀ.ಗೆ 1,376 ಟಕ್. ಇಬ್ಬರು ಬೇರೆ ಬೇರೆ ಎಣಿಸಿದ್ವಿ, 9 ಟಕ್ ವ್ಯತ್ಯಾಸ ಬಂತು, ಅಂದ್ರೆ 20 ಮೀಟರ್. ಮತ್ತೆ ಮಾಡಿದ್ವಿ. ಗಾಳಿ ಕಮ್ಮಿ ಇದ್ರೆ ಲೆಕ್ಕ ಜಾರುತ್ತೆ, ಟೈರ್ ಬಿಗಿಯಾಗಿರ್ಲಿ. ಜನ ದುಡ್ಡು ಕೊಟ್ಟು ತಗೊಂಡ ಕಿಲೋಮೀಟರ್ ಅದು, 980 ಮೀಟರ್ ಇರಬಾರದು.

ದುಡ್ಡು ಇಟ್ಟಿದ್ದು ಇಬ್ಬರ ಸಹಿ ಬೇಕಾಗೋ ಜಾಯಿಂಟ್ ಖಾತೇಲಿ. ದಾನಕ್ಕೆ ಆದಾಯ ತೆರಿಗೆ ವಿನಾಯಿತಿ ಸಿಗೋ 80ಜಿ ರಸೀದಿ ಬೇಕು ಅಂದ ಇಬ್ಬರು ವ್ಯಾಪಾರಸ್ಥರಿಗೆ ನೇರ ರಿಜಿಸ್ಟರ್ ಆಗಿರೋ ಟ್ರಸ್ಟಿನ ಖಾತೆಗೇ ಹಾಕ್ಸಿದ್ವಿ, ನಗದು 2 ಸಾವಿರ ದಾಟಿದ್ರೆ ವಿನಾಯಿತಿ ಸಿಗಲ್ಲ ಅನ್ನೋದನ್ನೂ ಮೊದಲೇ ಹೇಳಿದ್ವಿ. ಟೀ ಅಂಗಡಿ ಗೋಡೆಗೆ ಒಂದು ಪ್ಲೈವುಡ್ ಬೋರ್ಡ್, ಅದರ ಮೇಲೆ ಕಿ.ಮೀ.ಗೊಂದರಂತೆ ಗೆರೆ ಎಳೆದ 210 ಚೌಕದ ಮನೆ, ದುಡ್ಡು ಬಂದ ಕೂಡ್ಲೆ ಹೆಸರು. ಬರೀ ಮಾತು ಕೊಟ್ಟವರ ಹೆಸರು ಬರೀತಿರ್ಲಿಲ್ಲ. ಖಾಲಿ ಮನೆ ನೋಡಿ ನೋಡಿ ಜನ ತಾವಾಗೇ ಬಂದ್ರು. ಹಮಾಲಿ ಕೆಲಸದ ನಾಲ್ಕು ಜನ ನೂರು ನೂರು ಹಾಕಿ ಒಂದು ಕಿ.ಮೀ. ಹಿಡಿದ್ರು. ಓಡೋರಿಗೆ 30 ಆದ ಮೇಲೇನೇ ನಿಜವಾದ ಕಷ್ಟ ಅಂತ ಬೋರ್ಡಲ್ಲಿ ಕೆಂಪಲ್ಲಿ ಬರೆದು 30ರಿಂದ 35ರವರೆಗಿನ ಕಿ.ಮೀ.ಗೆ 500 ರೇಟ್ ಇಟ್ವಿ, ಮೊದಲು ಖಾಲಿ ಆಗಿದ್ದು ಅವೇ! ಯಾವ ಬೀದೀಲಿ ಮೊದಲು ಕೇಳ್ಬೇಕು, ಮೊದಲನೇ ಹೆಸರು ಯಾರದ್ದು ಬರೀಬೇಕು ಅನ್ನೋದಕ್ಕೊಂದು ಲೆಕ್ಕ ಐತೆ, ಅದು ನಮ್ಮ ಹತ್ರಾನೇ ಇರ್ಲಿ.

195 ಮೀಟರ್ ಬಾಲ ಯಾಕೆ ಅಂತ ಎಲ್ಲರೂ ಕೇಳೋರು. 1908ರ ಲಂಡನ್ ಒಲಿಂಪಿಕ್ಸಲ್ಲಿ ಅರಮನೆಯಿಂದ ಶುರು ಮಾಡಿ ಸ್ಟೇಡಿಯಂನಲ್ಲಿ ರಾಜಮನೆತನದವರು ಕೂರೋ ಜಾಗದ ಮುಂದೆ ಮುಗಿಸಿದ್ರು, ಆ ದೂರಾನೇ 1921ರಲ್ಲಿ ಖಾಯಂ ಆಯ್ತು ಅಂತ ಹೇಳ್ತಿದ್ದೆ. ರಾಜರಿಗೆ ಅಂತ ಇಟ್ಟ ಆ ತುಂಡನ್ನ ನಾವು ಮೀಟರಿಗೆ ಒಂದು ರೂಪಾಯಿ ಹಂಗೆ ಮಾರಿದ್ವಿ. ಐದು ಜನದ್ದು ಸೇರಿ 975 ರೂಪಾಯಿ, ಲೆಕ್ಕದಲ್ಲಿ ಏನೇನೂ ಅಲ್ಲ, ಆದ್ರೆ 400 ಕೊಡೋಕೆ ಆಗದವರೆಲ್ಲ ಇದ್ರಿಂದ ಒಳಗೆ ಬಂದ್ರು. ಮೂಲೇಲಿ ಹೂ ಮಾರೋ ಅಜ್ಜಿ 20 ರೂಪಾಯಿ ಕೊಟ್ಟು, "ನಂದು ಯಾವುದಪ್ಪಾ, ತೋರ್ಸು" ಅಂದ್ರು. ಕರ್ಕೊಂಡ್ ಹೋಗಿ ಲೈಟ್ ಕಂಬದಿಂದ ಗಿರಣಿ ಬಾಗಿಲವರೆಗೆ ಅಜ್ಜಿ, ಇದು ನಿಮ್ದು ಅಂತ ತೋರ್ಸಿ ಎರಡೂ ಕಡೆ ರಂಗೋಲಿ ಪುಡೀಲಿ ಗೆರೆ ಎಳೆದೆ.

ತಿನ್ನೋದ್ರಲ್ಲೂ ಪ್ರಯೋಗ ನಡೀತು. ಲಾಂಗ್ ರನ್ ಹಿಂದಿನ ರಾತ್ರಿ ಎರಡು ಬೆಣ್ಣೆ ದೋಸೆ ಹೊಡೆದು 28 ಓಡೋಕೆ ಹೊರಟವನು 9ಕ್ಕೆ ನಿಂತೆ. ಓಡ್ತಾ ಒಣ ಮಂಡಕ್ಕಿ ತಿಂದ್ರೆ ಬಾಯಿ ಒಣಗಿ ಗಂಟಲಲ್ಲೇ ಕೂರುತ್ತೆ, ಆದ್ರೆ ಹಿಂದಿನ ರಾತ್ರಿ ನೆನೆಸಿ ಒಗ್ಗರಣೆ ಹಾಕಿದ ಮಂಡಕ್ಕಿ, ಖಾರ ಕಮ್ಮಿ, ಅದರಂಥದ್ದು ಇಲ್ಲ, ಹೊಟ್ಟೆ ಹಗುರ. ಬರೀ ನೀರು ಕುಡಿದೂ ಕುಡಿದೂ ಮೇಷ್ಟ್ರಿಗೊಮ್ಮೆ ತಲೆ ತಿರುಗಿತ್ತು, ಆಮೇಲೆ ಉಪ್ಪು ಬಿಡ್ಲಿಲ್ಲ. ಬೆಲ್ಲ, ನಿಂಬೆ, ಉಪ್ಪಿನ ಪಾನಕ, ಅದಕ್ಕೆ ನಮ್ಮನೆಯವಳು ಇನ್ನೊಂದು ಹಾಕ್ತಾಳೆ, ಹೇಳಬೇಡಿ ಅಂದಿದಾಳೆ. ಸುತ್ತು ಓಡೋದ್ರ ದೊಡ್ಡ ಲಾಭ ಇದೇ, ಒಂದೇ ಟೇಬಲ್, 3 ಕಿ.ಮೀ.ಗೊಮ್ಮೆ ಪಾನಕ, ಗಾಡಿ ಇಲ್ಲ, ಡೀಸೆಲ್ ಇಲ್ಲ. ನಾಯಿಗಳೂ ಎರಡು ತಿಂಗಳು ಅದೇ ರಸ್ತೇಲಿ ಪ್ರಾಕ್ಟೀಸ್ ಮಾಡಿದ್ದಕ್ಕೆ ಬೊಗಳೋದು ಬಿಟ್ಟಿದ್ವು. ಎಲ್ಲಾ ಸೇರಿ ಖರ್ಚು 3 ಸಾವಿರ ಚಿಲ್ಲರೆ.

ಡಿಸೆಂಬರ್ ಭಾನುವಾರ, ಬೆಳಗಿನ ಜಾವ 3:45ಕ್ಕೆ ಶುರು. ಬ್ಯಾಂಕ್‌ನವನು ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಮುಗಿಸಿದ, ನಂದು ಐದು ಗಂಟೆ ಹತ್ತು ನಿಮಿಷ ಚಿಲ್ಲರೆ, ಮೇಷ್ಟ್ರು, ವೈರಿಂಗ್ ಹುಡುಗ ನನ್ನ ಹಿಂದೆ ಮುಂದೆ. ಟೈಲರ್‌ಗೆ 34ರಲ್ಲಿ ಮೀನಖಂಡ ಹಿಡೀತು. ಓಡದ ಕಿಲೋಮೀಟರಿನ ದುಡ್ಡು ವಾಪಸ್ ಅಂತ ನಾವೇ ಬೋರ್ಡಲ್ಲಿ ಬರೆದಿದ್ವಿ, ಅವನು ಕೂತು ಅಳೋದೊಂದು ಬಾಕಿ. ಅವನ 35ನೇ ಕಿ.ಮೀ. ತಗೊಂಡಿದ್ದ ಕಿರಾಣಿ ಅಂಗಡಿಯವರು ಶಟರ್ ಅರ್ಧ ಎಳೆದು ಬಂದು, "ನಡಿ ತಮ್ಮಾ, ನಡೆದ್ರೂ ಅದು ನಂದೇ ಕಿಲೋಮೀಟ್ರು" ಅಂತ ಪಕ್ಕದಲ್ಲೇ ನಡೆದ್ರು. 36ರವರು 36ಕ್ಕೆ ಬಂದ್ರು. ಹಂಗೇ ಒಬ್ಬರಿಂದ ಒಬ್ಬರಿಗೆ ದಾಟಿಸಿಕೊಂಡು ಆರು ಗಂಟೆ ಮೇಲೆ ಅವನೂ ಮುಗಿಸಿದ. ಕೊನೇ ರಸ್ತೇಲಿ ಅಜ್ಜಿ ಬುಟ್ಟಿ ಬಿಟ್ಟು ಬಂದು ತಮ್ಮ ಎರಡು ಗೆರೆ ಮಧ್ಯ ನಿಂತಿದ್ರು, ಐದೂ ಜನ ದಾಟೋವರೆಗೆ ಅಲ್ಲಿಂದ ಕದಲ್ಲಿಲ್ಲ.

ನಾಲ್ಕು ಶಾಲೇಲಿ ಸುಮಾರು 700 ಮಕ್ಕಳ ಕಣ್ಣು ಪರೀಕ್ಷೆ ಮಾಡ್ಸಿದ್ವಿ, 95 ಮಕ್ಕಳಿಗೆ ಕನ್ನಡಕ ಬೇಕಾಯ್ತು. ಅಷ್ಟೇನಾ, ಉಳಿದ ದುಡ್ಡು ಏನ್ ಮಾಡ್ತೀರಿ ಅಂತ ಕೇಳಿದ್ರು. ಪ್ರತಿ ಮಗುವಿಗೂ ಎರಡೆರಡು ಮಾಡ್ಸಿ ಒಂದನ್ನ ಶಾಲೆ ಬೀರುವಲ್ಲಿ ಇಟ್ವಿ, ಯಾಕಂದ್ರೆ ಆಟಕ್ಕೆ ಬಿಟ್ಟಾಗ ಮುರಿಯೋದೇ, ಮುರಿದ್ರೆ ಮನೇಲಿ ಬೈತಾರೆ ಅಂತ ಮಗು ಹೇಳಲ್ಲ, ಮತ್ತೆ ಕುರುಡಾಗೇ ಕೂರುತ್ತೆ. ಮೂರು ತಿಂಗಳಲ್ಲಿ ಬೀರುವಿಂದ ಮೂವತ್ತರ ಮೇಲೆ ತೆಗೆದಾಗಿದೆ. ಮಕ್ಕಳ ನಂಬರು ಬದಲಾಗ್ತಿರುತ್ತೆ, ಮುಂದಿನ ವರ್ಷದ ಪರೀಕ್ಷೆಗೆ ಅಂತ ಒಂದು 12 ಸಾವಿರ ಖಾತೇಲಿ ಐತೆ. ಬೋರ್ಡಿಗೆ ಬಿಳಿ ಬಣ್ಣ ಹೊಡ್ಸಾಯ್ತು. ಅಜ್ಜಿ ಆಗ್ಲೇ 20 ರೂಪಾಯಿ ಕೊಟ್ಟು ಅದೇ ಜಾಗ ಬೇಕು ಅಂದಿದಾರೆ.