ಇಮೇಲ್ ಸುದ್ದಿಪತ್ರಗಳನ್ನು ನಾನು ಕಾಪಿಡುವ ಬಗೆ

ಇನ್‌ಬಾಕ್ಸ್‌ನಲ್ಲಿ ಇದ್ದರೆ ಸುದ್ದಿಪತ್ರ ಉಳಿದಂತೆಯೇ ಎಂದು ಬಹಳ ಜನ ನಂಬಿದ್ದಾರೆ. ಅಲ್ಲಿ ಉಳಿಯುವುದು ಬರಹ ಮಾತ್ರ. ಚಿತ್ರಗಳು ಸಾಮಾನ್ಯವಾಗಿ ಕಳುಹಿಸಿದವರ ಸರ್ವರ್‌ನಲ್ಲಿರುತ್ತವೆ, ನಾವು ಪತ್ರ ತೆರೆದಾಗಲಷ್ಟೇ ಅಲ್ಲಿಂದ ಬರುತ್ತವೆ. ಆ ಸೇವೆ ನಿಂತ ಮೇಲೆ ಚಿತ್ರದ ಜಾಗದಲ್ಲಿ ಖಾಲಿ ಚೌಕ. ಸುದ್ದಿಪತ್ರ ಕಳುಹಿಸಿಕೊಡುತ್ತಿದ್ದ ಸೇವೆಗಳಲ್ಲಿ ರೆವ್ಯೂ 2023ರ ಜನವರಿಯಲ್ಲಿ ನಿಂತಿತು, ಟೈನಿಲೆಟರ್ 2024ರ ಫೆಬ್ರವರಿಯಲ್ಲಿ. ಹಾಗಾಗಿ ಹೊಸ ಸಂಚಿಕೆ ಬಂದ ವಾರದಲ್ಲೇ ಅದರ ಕೆಲಸ ಮುಗಿಸುತ್ತೇನೆ.

ಮೊದಲು ಮೂಲ ಪತ್ರವನ್ನು ಇಎಂಎಲ್ ಕಡತವಾಗಿ, ಅಂದರೆ ಇಮೇಲ್ ಬಂದ ರೂಪದಲ್ಲೇ, ಇಳಿಸಿಕೊಳ್ಳುತ್ತೇನೆ. ಯಾರು ಕಳುಹಿಸಿದರು, ಎಷ್ಟು ಹೊತ್ತಿಗೆ, ಯಾವ ಸರ್ವರ್‌ಗಳನ್ನು ಹಾದು ಬಂತು ಎಂಬುದೆಲ್ಲ ಅದರಲ್ಲಿ ದಾಖಲಾಗಿರುತ್ತದೆ. ಪಿಡಿಎಫ್ ಮಾಡಿಟ್ಟರೆ ಓದಲು ಸುಲಭ, ಆದರೆ ಈ ವಿವರಗಳು ಕಳೆದುಹೋಗುತ್ತವೆ. ಇಎಂಎಲ್‌ನದೂ ಒಂದು ತೊಡಕಿದೆ. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡುವ ಯುಟಿಎಫ್-8 ಪದ್ಧತಿಯಲ್ಲಿ ‘ಕ’ ಅಕ್ಷರಕ್ಕೆ 3 ಬೈಟ್ ಬೇಕು. ಇಂಥ ಪ್ರತಿ ಬೈಟನ್ನೂ 3 ಸಾದಾ ಚಿಹ್ನೆಗಳಾಗಿ ಬರೆಯುವ ಕೋಟೆಡ್-ಪ್ರಿಂಟಬಲ್ ವಿಧಾನದಲ್ಲಿ ಬಂದ ಪತ್ರದೊಳಗೆ ಅದೇ ‘ಕ’ 9 ಚಿಹ್ನೆಗಳ ಸಾಲಾಗಿ ಕೂತಿರುತ್ತದೆ. ಇಂಥ ಕಡತಗಳಲ್ಲಿ ನೇರವಾಗಿ ಕನ್ನಡ ಪದ ಹುಡುಕಿದರೆ ಏನೂ ಸಿಗುವುದಿಲ್ಲ. ಆದ್ದರಿಂದ ಪ್ರತಿ ಸಂಚಿಕೆಯ ಬರಹವನ್ನು ಸಾದಾ ಪಠ್ಯವಾಗಿಯೂ ಪಕ್ಕದಲ್ಲೇ ಇಡುತ್ತೇನೆ.

ಬ್ರೌಸರ್‌ನಲ್ಲಿ ತೆರೆಯುವ ಆವೃತ್ತಿಯೂ ಬೇಕೇ ಬೇಕು. ಕಳುಹಿಸಿದ ಇಮೇಲನ್ನು ಯಾರೂ ತಿದ್ದಲಾರರು. ವೆಬ್ ಆವೃತ್ತಿಯನ್ನು ಮರುದಿನವೇ ತಿದ್ದಬಹುದು, ತಿದ್ದುತ್ತಾರೆ ಕೂಡ. ಎರಡನ್ನೂ ಹೋಲಿಸಿದಾಗ ಬದಲಾದ ಶೀರ್ಷಿಕೆ, ಬಿಟ್ಟುಹೋದ ಪ್ಯಾರಾ ಕಣ್ಣಿಗೆ ಬೀಳುತ್ತವೆ. ದಾಖಲೆಯ ನಿಜವಾದ ಬೆಲೆ ನನಗೆ ಕಾಣುವುದು ಅಲ್ಲೇ. ವೆಬ್ ಆವೃತ್ತಿಯನ್ನು ಉಳಿಸಲು ಗ್ರಂಥಾಲಯಗಳು ಬಳಸುವ ವಾರ್ಕ್ ಮಾದರಿಯನ್ನೇ ಆರಿಸಿಕೊಂಡಿದ್ದೇನೆ, ಪುಟವನ್ನು ಅದರ ಚಿತ್ರಗಳ ಸಮೇತ ಕಡತದಲ್ಲಿ ಹಿಡಿದಿಡುವ ಮಾದರಿ ಅದು. ಅದು ಐಎಸ್‌ಒ 28500 ಎಂಬ ಅಂತರರಾಷ್ಟ್ರೀಯ ಮಾನಕ, ಒಂದೇ ಕಂಪನಿಯ ಸೊತ್ತಲ್ಲ. ಸೆರೆಹಿಡಿಯುವಾಗ ಪುಟವನ್ನು ನಿಧಾನವಾಗಿ ತಳದವರೆಗೂ ಸರಿಸುತ್ತೇನೆ, ಏಕೆಂದರೆ ಎಷ್ಟೋ ಪುಟಗಳಲ್ಲಿ ಚಿತ್ರ ಪರದೆಗೆ ಹತ್ತಿರ ಬಂದಾಗಲೇ ಇಳಿಯುತ್ತದೆ. ಆಮೇಲೆ ಅಂತರ್ಜಾಲ ಸಂಪರ್ಕ ಕಡಿದು ಪ್ರತಿಯನ್ನು ತೆರೆದು ನೋಡುತ್ತೇನೆ.

ಸಾರ್ವಜನಿಕವಾಗಿರುವ ಸಂಚಿಕೆಯಾದರೆ ಅದರ ವಿಳಾಸವನ್ನು ವೇಬ್ಯಾಕ್ ಮಷೀನ್‌ಗೂ, ಅಂದರೆ ವೆಬ್ ಪುಟಗಳ ಹಳೆಯ ಪ್ರತಿಗಳನ್ನು ಎಲ್ಲರಿಗೂ ಕಾಣುವಂತೆ ಇಡುವ ತಾಣಕ್ಕೂ, ಕೊಡುತ್ತೇನೆ. ಇಲ್ಲಿ ತುಂಬ ಎಚ್ಚರ ಬೇಕು. ಇಮೇಲ್‌ನಲ್ಲಿರುವ ಕೊಂಡಿಗಳ ಬಾಲದಲ್ಲಿ ಚಂದಾದಾರರನ್ನು ಗುರುತಿಸುವ ಸಂಕೇತ ಇರುತ್ತದೆ. ಅದನ್ನು ಹಾಗೇ ಕೊಟ್ಟರೆ ನಮ್ಮ ಚಂದಾ ರದ್ದುಮಾಡುವ ಕೊಂಡಿಯೂ ಎಲ್ಲರಿಗೂ ಸಿಗುವ ದಾಖಲೆಯೊಳಗೆ ಸೇರಿಬಿಡಬಹುದು. ಬಾಲ ಕತ್ತರಿಸಿ, ಶುದ್ಧ ವಿಳಾಸ ತೆರೆಯುತ್ತದೆಯೇ ಎಂದು ನೋಡಿಯೇ ಕೊಡುತ್ತೇನೆ. ಹಣ ಕೊಟ್ಟು ಓದುವ ಸಂಚಿಕೆಗಳು ನನ್ನ ಡಿಸ್ಕ್ ಬಿಟ್ಟು ಹೊರಗೆ ಹೋಗುವುದಿಲ್ಲ. ಅದು ಬರೆದವರ ದುಡಿಮೆ.

ಕಡತದ ಹೆಸರು ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿ ಶುರುವಾಗುತ್ತದೆ. ಮೂರು ಪ್ರತಿ ಇಡುತ್ತೇನೆ, ಒಂದು ಬೇರೆ ಕಟ್ಟಡದಲ್ಲಿ. ಪ್ರತಿ ಕಡತದ ಎಸ್‌ಎಚ್‌ಎ-256 ಮೊತ್ತವನ್ನು, ಅಂದರೆ ಕಡತ ಚೂರು ಬದಲಾದರೂ ತಾನೂ ಬದಲಾಗುವ ಬೆರಳಚ್ಚಿನಂಥ ಸಂಕೇತವನ್ನು, ಬರೆದಿಟ್ಟು ಆಗಾಗ ತಾಳೆ ನೋಡುತ್ತೇನೆ. ಸಂಚಿಕೆಗಳ ಪಟ್ಟಿಯನ್ನೂ ಇಟ್ಟಿದ್ದೇನೆ, ಅದರಲ್ಲಿ ಕೈಗೆ ಸಿಗದ ಸಂಚಿಕೆಗೂ ಒಂದು ಸಾಲು ಇರುತ್ತದೆ, ಮುಂದೆ ‘ಇಲ್ಲ’ ಎಂದು. ಆ ಸಾಲುಗಳನ್ನು ಹಿಡಿದು ಬರೆದವರನ್ನೇ ಕೇಳುತ್ತೇನೆ. ಕೆಲವರು ತಮ್ಮ ಹಳೆಯ ಕರಡನ್ನೇ ಹುಡುಕಿ ಕಳುಹಿಸಿದ್ದಾರೆ.